ಥರ್ಮೋಸ್ಟಾಟ್ ಆರಿದ ಮಧ್ಯಾಹ್ನಗಳು

ಮಾರ್ಚ್ 11, ಮಂಗಳವಾರ

ಡಿಸೆಂಬರ್ ತಿಂಗಳಲ್ಲಿ ಬಿಲ್ಡರ್ ಕಂಪೆನಿಯವರು ನಮಗೆ ಈ ಫ್ಲ್ಯಾಟಿನ ಕೀಲಿಕೈ ಕೊಡುವಾಗ, ಹಾಲಿನ ಗೋಡೆಗೆ ಕೂರಿಸಿದ ದುಂಡಗಿನ ಕಪ್ಪು ಗಾಜನ್ನು ತೋರಿಸಿ, "ಇದು ಸ್ಮಾರ್ಟ್ ಥರ್ಮೋಸ್ಟಾಟ್, ಇನ್ನು ಇಡೀ ಮನೆಯ ತಂಪನ್ನು ಇದೇ ನೋಡಿಕೊಳ್ಳುತ್ತದೆ" ಎಂದಿದ್ದರು. ಫೆಬ್ರವರಿ ಕೊನೆಗೆ ನಾವು ವಾಸಕ್ಕೆ ಬಂದೆವು. ಬಂದಂದಿನಿಂದ ಅದು ಮಧ್ಯಾಹ್ನದ ಹೊತ್ತಿಗೆ ಆರಿಹೋಗುತ್ತದೆ, ಸಂಜೆಗೆ ತಾನಾಗಿ ಮತ್ತೆ ಹತ್ತುತ್ತದೆ. ಕರೆಂಟು ಇರುತ್ತದೆ, ಫ್ರಿಜ್ಜು ಗುಂಯ್‌ಗುಡುತ್ತದೆ, ಫ್ಯಾನು ತಿರುಗುತ್ತದೆ. ಈ ಬುದ್ಧಿವಂತ ಗಾಜು ಮಾತ್ರ ಕಪ್ಪಾಗಿ ಕೂರುತ್ತದೆ. ಅದು ಆರಿದರೆ ಎ.ಸಿ. ನಿಲ್ಲುತ್ತದೆ. ರಿಮೋಟ್ ಇಲ್ಲ, ಬೇರೆ ಗುಂಡಿಯೂ ಇಲ್ಲ. ಹಿಂದಿನ ಕಾಲದ ದಡ್ಡ ಎ.ಸಿ.ಗೆ ಇದ್ದ ಗುಂಡಿ ಈ ಬುದ್ಧಿವಂತ ಎ.ಸಿ.ಗೆ ಬೇಡವಂತೆ.

ಬೇರೆಯವರಿಗೆ ಇದು ಬೆವರಿನ ಮಾತು. ನನ್ನ ತಂಗಿ ಜಾಯ್ಸ್‌ಗೆ ಹಾಗಲ್ಲ. ಅವಳದು ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ. ಮೈ ಬಿಸಿಯಾದರೆ ಕಾಲುಗಳು ಅವಳ ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ. ತಂಪಾದರೆ ಮತ್ತೆ ಎದ್ದು ನಡೆಯುತ್ತಾಳೆ. ಒಂದು ಕೋಣೆ ತಂಪಿದ್ದರೆ ಸಾಲದು, ಅಡುಗೆಮನೆ, ಬಚ್ಚಲು, ಓಡಾಡುವ ದಾರಿ ಎಲ್ಲವೂ ತಂಪಿರಬೇಕು ಎಂದು ಡಾಕ್ಟರು ಹೇಳಿದ್ದಕ್ಕೇ ಕುಲಶೇಖರದ ಬಾಡಿಗೆ ಮನೆ ಬಿಟ್ಟು ಬಿಕರ್ನಕಟ್ಟೆಗೆ ಬಂದದ್ದು.

ಇವತ್ತು ಊಟ ಮಾಡಿ ಎದ್ದವಳು ಬಚ್ಚಲಿನ ಬಾಗಿಲು ಹಿಡಿದು ಅಲ್ಲೇ ನಿಂತುಬಿಟ್ಟಳು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಾನು ಕುರ್ಚಿ ಎಳೆದು ತಂದು ಅವಳ ಹಿಂದೆ ಇಟ್ಟೆ.

"ಸರ್ಕಲಿನ ಪ್ರತಿಮೆಯ ಹಾಗೆ ಆದೆನಲ್ಲ ಬಾಯೆ," ಎಂದು ನಕ್ಕಳು. ಅಕ್ಕನನ್ನು ಅವಳು ಈಗಲೂ ಹಾಗೆಯೇ ಕರೆಯುವುದು. ನನಗೆ ನಗು ಬರಲಿಲ್ಲ.

ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು ನಾನು. ತಾರೀಕು ಬರೆದಿಡದ ಅನ್ಯಾಯ ನಡೆಯಲೇ ಇಲ್ಲ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆಯಿಂದ ಫೋನು ಮಾಡಿದ ಮೇಲೆ ಕಂಪೆನಿಯ ಡೆನ್ಜಿಲ್ ಬಂದ. ಅವನ ಕಾರ್ಡಿನಲ್ಲಿ 'ಕಸ್ಟಮರ್ ಹ್ಯಾಪಿನೆಸ್ ಮ್ಯಾನೇಜರ್' ಎಂದು ಅಚ್ಚಾಗಿದೆ. ಗಿರಾಕಿಯ ಸಂತೋಷಕ್ಕೊಬ್ಬ ಮ್ಯಾನೇಜರನನ್ನು ನೇಮಿಸಿದ ಮೇಲೆ ಉಳಿದವರೆಲ್ಲ ಆ ಚಿಂತೆ ಬಿಟ್ಟಿರಬೇಕು.

ಬಂದದ್ದು ಯಾವಾಗ? ಸಂಜೆ, ನಾವು ಹಾಲಿನ ದೇವರ ಗೂಡಿನಲ್ಲಿರುವ ಆಲ್ತಾರಿನ ದೀಪ ಹಾಕಿ ತೇರ್ಸ್, ಅಂದರೆ ಜಪಮಾಲೆಯ ಜಪ, ಶುರುಮಾಡಿದ ಮೇಲೆ. ಈ ಕಂಪೆನಿಯವರಿಗೆ ಮಧ್ಯಾಹ್ನ ಎಂಬುದೇ ಇಲ್ಲ. ಅವನು ಥರ್ಮೋಸ್ಟಾಟಿನ ಎದುರು ನಿಂತ. ಅದು ಅತ್ತೆಯ ಎದುರಿನ ಹೊಸ ಸೊಸೆಯ ಹಾಗೆ ನಗುನಗುತ್ತಾ ಬೆಳಗುತ್ತಿತ್ತು.

"ಸರಿ ಉಂಟಲ್ಲ ಆಂಟಿ?"

"ಈಗ ಉಂಟು. ಮಧ್ಯಾಹ್ನ ಇರುವುದಿಲ್ಲ."

"ಮಧ್ಯಾಹ್ನ ನೀವು ಎಂತಾದರೂ ಮುಟ್ಟುತ್ತೀರಾ?"

"ಮುಟ್ಟಿದರೆ ಹಾಳಾಗುವ ವಸ್ತುವನ್ನು ಗೋಡೆಯ ನಡುವೆ ಯಾಕೆ ಇಟ್ಟಿರಿ?"

ಅವನು ವೈಫೈ ಆರಿಸಿ ಹಾಕಿದ, ನನ್ನ ಫೋನಿನಲ್ಲಿದ್ದ ಆ್ಯಪ್ ಅಳಿಸಿ ಮತ್ತೆ ಇಳಿಸಿದ, ಸಾಫ್ಟ್‌ವೇರ್ ಅಪ್‌ಡೇಟ್ ಎಂದ. ಜಾಯ್ಸ್ ಏನೋ ಹೇಳಲು ಬಾಯಿ ತೆರೆದಳು. ಅವಳಿಗೆ ಸುಸ್ತಾಗುತ್ತದೆಂದು ನಾನೇ ವಿವರಿಸಿದೆ.

ನನ್ನನ್ನು ಆಂಟಿ ಎಂದು ಕರೆಯುವ ಹಕ್ಕನ್ನು ಇವನಿಗೆ ಯಾರು ಕೊಟ್ಟರು? ಇವನ ಅಪ್ಪ ಪೌಲ್ ನನ್ನ ವಿದ್ಯಾರ್ಥಿ. ಪಾಣಿಪತ್ ಕದನವನ್ನು ಮೈಸೂರಿನಲ್ಲಿ ನಡೆಸಿದವನು. ಬೀಜ ಒಳ್ಳೆಯದಿರಬೇಕು ಎಂದು ಸುಮ್ಮನೆ ಹೇಳುವುದಿಲ್ಲ.

ಅವನು ಹೋದ ಮೇಲೆ ಉಳಿದ ಜಪ ಮುಗಿಸಿ, ಆಲ್ತಾರಿನ ದೀಪ ಆರಿಸಿ, ಮಲಗಿದೆವು.

ಮಾರ್ಚ್ 14

ಮಧ್ಯಾಹ್ನ ಮತ್ತೆ ಆರಿತು. ಅಪ್‌ಡೇಟ್ ಆದ ಕತ್ತಲೆ.

ಮಾರ್ಚ್ 17, ಸೋಮವಾರ

ನಿವಾಸಿಗಳ ಸಂಘದ ಅಧ್ಯಕ್ಷರು ನಿತ್ಯಾನಂದರು. ಮೇಲಿನ ಮಹಡಿಯಲ್ಲಿದ್ದಾರೆ. ದೂರು ಹೇಳಲು ಹೋದರೆ ಅವರ ಹಾಲಿನಲ್ಲಿ ನಮ್ಮದರಂಥದ್ದೇ ಗಾಜು, ನಮ್ಮದರಂಥದ್ದೇ ಜಾಗದಲ್ಲಿ, ಕಂಪೆನಿ ಎಲ್ಲ ಫ್ಲ್ಯಾಟುಗಳಿಗೂ ಕಟ್ಟಿಕೊಟ್ಟ ದೇವರ ಗೂಡಿನ ಮೇಲುಗಡೆ, ಹಗಲು ಹೊತ್ತಿನಲ್ಲೇ ಉರಿಯುತ್ತಿತ್ತು. ಗೂಡಿನಲ್ಲಿ ಗಣಪತಿ. ಅವನಿಗೂ ದೀಪ.

"ನಮ್ಮಲ್ಲಿ ಎಂತ ತೊಂದರೆಯೂ ಇಲ್ಲ ಟೀಚರೇ. ಒಂದು ದಿನ ಆರಿದ್ದಿಲ್ಲ. ಯೂಸ್ ಮಾಡುವ ಕ್ರಮ ಉಂಟು ಅದಕ್ಕೆ."

"ಆ ಕ್ರಮ ಹೇಳಿಕೊಡಿ."

"ಅದು... ಕ್ರಮ ಅಂದರೆ, ಟೆನ್ಶನ್ ಮಾಡಬಾರದು."

ಇವರನ್ನು ನಾನು ಇವತ್ತು ನೋಡಿದ್ದಲ್ಲ. ನಮ್ಮ ಶಾಲೆಯ ಪೋಷಕರ ಸಭೆಗೆ ಇವರೇ ಅಧ್ಯಕ್ಷರಾಗಿದ್ದರು. 1998ರ ಜುಲೈಯಲ್ಲಿ, ಛಾವಣಿ ಸೋರಿ ಮಕ್ಕಳು ಕೊಡೆ ಹಿಡಿದು ಕೂತಿದ್ದಾರೆ ಎಂದಾಗ, "ನಮ್ಮ ಮಗನ ಕ್ಲಾಸಿನಲ್ಲಿ ಸೋರುವುದಿಲ್ಲವಲ್ಲ" ಎಂದವರು. ಅಂದಿನಿಂದ ಇಂದಿನವರೆಗೆ ಈ ಮನುಷ್ಯನಲ್ಲಿ ಬದಲಾದದ್ದು ಕನ್ನಡಕದ ಫ್ರೇಮು ಮಾತ್ರ.

ಇಳಿದು ಬರುವಾಗ ಎದುರು ಮನೆಯ ಸುಹೈಲಾ ಬಾಗಿಲಲ್ಲಿ ನಿಂತಿದ್ದಳು. ಗಂಡ ಇಜಾಝ್ ಸೌದಿಯ ಜುಬೈಲಿನಲ್ಲಿ. ಇವಳು ಫೋನಿನಲ್ಲಿ ಮಾತಾಡಿದರೆ ಫೋನಿಲ್ಲದೆಯೇ ಅವನಿಗೆ ಕೇಳಿಸೀತು. "ಟೀಚರ್, ನಮ್ಮದು ಬಂದ ದಿನದಿಂದಲೇ ಇಲ್ಲ ಮಾರಾಯ್ರೇ, ಒಂದು ಸಲವೂ ಹತ್ತಿದ್ದೇ ಇಲ್ಲ. ನಾನು ಬೈದು ಬೈದು ಸಾಕಾಗಿ ಮಲಗುವ ಕೋಣೆಗೆ ಸಾದಾ ಎ.ಸಿ. ಹಾಕಿಸಿಬಿಟ್ಟೆ. ಜಾಯ್ಸಕ್ಕನನ್ನು ಮಧ್ಯಾಹ್ನ ಇಲ್ಲಿಗೆ ಕಳಿಸಿ. ನನಗೂ ರಂಜಾನ್ ಉಪವಾಸ, ಅಡುಗೆ ಇಲ್ಲ, ಮಾತಿಗೆ ಜನ ಆಯಿತು."

ಸೋಲು ಒಪ್ಪಿ, ಅದರ ಮೇಲೆ ಸಾದಾ ಎ.ಸಿ. ಕೂರಿಸಿ, ಹಾಯಾಗಿರುವ ಜನ! ಇಂಥವರಿಂದಲೇ ಇಂಥ ಕಂಪೆನಿಗಳು ಬದುಕುವುದು. ಜಾಯ್ಸ್‌ಗೆ ಬೇರೆ ಮನೆಯಲ್ಲಿ ಸರಿಹೋಗುವುದಿಲ್ಲ ಎಂದು ಹೇಳಿ ಬಂದೆ.

ಮಾರ್ಚ್ 21, ಶುಕ್ರವಾರ

ಜಾಯ್ಸ್‌ಳ ಕೈಯಿಂದ ಚಹದ ಕಪ್ಪು ಬಿತ್ತು. ನೀಲಿ ಹೂವಿನದು.

ಮಾರ್ಚ್ 25, ಮಂಗಳವಾರ

ಕಂಪೆನಿಯ ಇಮೇಲ್: "ಪರಿಶೀಲನೆಯ ವೇಳೆ ಸಾಧನವು ಸುಸ್ಥಿತಿಯಲ್ಲಿ ಕಂಡುಬಂದಿದೆ. ಗ್ರಾಹಕರ ಬಳಕೆಯ ದೋಷವೆಂದು ದೂರನ್ನು ಮುಕ್ತಾಯಗೊಳಿಸಲಾಗಿದೆ."

ದೂರು ಕೊಟ್ಟವಳು ನಾನು. ಮುಕ್ತಾಯಗೊಳಿಸಲು ಇವರು ಯಾರು? ಹಿಂದೆ ದೊರೆಗಳು ಬರ ಬಂದದ್ದಕ್ಕೆ ಪ್ರಜೆಗಳ ಪಾಪವೇ ಕಾರಣ ಎನ್ನುತ್ತಿದ್ದರು. ಆ ದೊರೆಗಳಿಗೆ ಕನಿಷ್ಠ ಕಿರೀಟವಿತ್ತು. ಇವರಿಗೆ ಒಂದು ಲೋಗೋ.

ಆ ಗಾಜಿನ ಜೊತೆ ಬಂದ ಪುಸ್ತಿಕೆಯನ್ನು ತೆಗೆದು ಓದಿದೆ. 'ಸಾಧನದ ಪರದೆ ಬೆಳಗದಿದ್ದರೆ, ಸಾಧನಕ್ಕೆ ವಿದ್ಯುತ್ ಬರುತ್ತಿದೆಯೇ ಪರೀಕ್ಷಿಸಿ' ಎಂಬುದು ಮೊದಲ ಸಲಹೆ. ಎಂಥ ಜ್ಞಾನ! ಹಸಿವಾದವನಿಗೆ 'ಊಟ ಆಗಿದೆಯೇ ಪರೀಕ್ಷಿಸಿ' ಎಂದ ಹಾಗೆ. ಆದರೂ ಮೈನ್ ಬೋರ್ಡಿಗೆ ಹೋಗಿ ನೋಡಿದೆ. ಎಲ್ಲ ಸ್ವಿಚ್ಚುಗಳೂ ಮೇಲೇ ಇದ್ದವು. ಒಳಗೆ ಸಣ್ಣ ಬ್ಯಾಟರಿ ಇದೆ, ವಿದ್ಯುತ್ ಇದ್ದಾಗ ತಾನೇ ತುಂಬಿಕೊಳ್ಳುತ್ತದೆ, ಇಲ್ಲದಿದ್ದಾಗ ಹಲವು ಗಂಟೆ ಸಾಧನವನ್ನು ನಡೆಸುತ್ತದೆ ಎಂದೂ ಬರೆದಿದೆ. ಮನೆಯಲ್ಲಿ ಕರೆಂಟು ಹೋದದ್ದೇ ಇಲ್ಲವಲ್ಲ, ಹಾಗಿದ್ದರೆ ಅದು ಯಾಕೆ ಖಾಲಿಯಾಗಬೇಕು? ಆ ಪ್ರಶ್ನೆಗೆ ಪುಸ್ತಿಕೆಯಲ್ಲಿ ಪುಟವಿಲ್ಲ.

ಮಾರ್ಚ್ 28, ಶುಕ್ರವಾರ

ಜಾಯ್ಸ್ ನಿನ್ನೆಯಿಂದ ಬಾಲಯೇಸುವಿನ ನೊವೇನಾ ಪ್ರಾರ್ಥನೆ ಶುರುಮಾಡಿದ್ದಾಳೆ. ಅದು ನಡೆಯುವ ಒಂಬತ್ತೂ ದಿನ ಆಲ್ತಾರಿನ ದೀಪ ಆರಿಸಬಾರದಂತೆ. ಹಗಲು ಹೊತ್ತಿನಲ್ಲಿ ದೀಪ ಉರಿಸುವುದು ನನಗೆ ಹಿಡಿಸುವ ಸಂಗತಿಯಲ್ಲ.

"ಕೆಟ್ಟ ವಯರಿಂಗಿಗೆಲ್ಲ ಬಾಲಯೇಸುವನ್ನು ಕರೆಯುವುದಾ? ಆತ ಬಡಗಿಯ ಮಗ, ಇಲೆಕ್ಟ್ರಿಶಿಯನ್ನಿನ ಮಗ ಅಲ್ಲ."

"ನಿನ್ನ ಡೆನ್ಜಿಲ್‌ಗಿಂತ ಬೇಗ ಬರುತ್ತಾನೆ ನೋಡು," ಎಂದಳು.

ಏಪ್ರಿಲ್ 2, ಬುಧವಾರ

ಆರಲಿಲ್ಲ. ಮೊನ್ನೆಯೂ ಆರಲಿಲ್ಲ, ನಿನ್ನೆಯೂ ಇಲ್ಲ.

ಜಾಯ್ಸ್ ಅಡುಗೆಮನೆಯಲ್ಲಿ ನಿಂತು ಬಂಗುಡೆಗೆ ಮಸಾಲೆ ಸವರಿದಳು. ನಿಂತು! ಹಬ್ಬದ ಪಾಯಸ ಕೊಡಲು ಬಂದ ಸುಹೈಲಾ, "ಜಾಯ್ಸಕ್ಕಾ, ನಮ್ಮ ಮನೆಗೂ ಒಂದು ನೊವೇನಾ ಹೇಳಿ, ಅಲ್ಲಿಯೂ ಗಾಜು ಸತ್ತು ಬಿದ್ದಿದೆ" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಪವಾಡ ಎಂದರೆ ಕಾರಣ ಹುಡುಕಲು ಸೋಮಾರಿತನ, ಅಷ್ಟೆ. ಪಾಯಸ ಚೆನ್ನಾಗಿತ್ತು.

ಏಪ್ರಿಲ್ 7, ಸೋಮವಾರ

ಶುಕ್ರವಾರ ನೊವೇನಾ ಮುಗಿಯಿತು, ದೀಪ ಆರಿಸಿದೆ. ಶನಿವಾರದಿಂದ ಗಾಜು ಮತ್ತೆ ಹಳೆಯ ಚಾಳಿಗೆ.

ಡೆನ್ಜಿಲ್‌ಗೆ ಫೋನು ಮಾಡಿ, ಒಂಬತ್ತು ದಿನ ಸರಿಯಿತ್ತು, ಈಗ ಮತ್ತೆ ಕೆಟ್ಟಿತು, ಆ ಒಂಬತ್ತು ದಿನ ನೀವು ಎಂತ ಮಾಡಿದ್ದಿರಿ ಎಂದು ಕೇಳಿದೆ.

"ನಾವು ಎಂತದೂ ಮಾಡಲಿಲ್ಲ ಆಂಟಿ."

"ಅದು ನನಗೆ ಗೊತ್ತುಂಟು. ಮನೆಯಲ್ಲಿ ನೊವೇನಾ ನಡೆದದ್ದು ಬಿಟ್ಟರೆ ಬೇರೇನೂ ಆಗಿಲ್ಲ."

"ಹಾಗಾದರೆ ಅದನ್ನೇ ಮುಂದುವರಿಸಿ ಆಂಟಿ," ಎಂದು ನಕ್ಕ ಸಂತೋಷದ ಮ್ಯಾನೇಜರ್.

ಏಪ್ರಿಲ್ 9, ಬುಧವಾರ

ಮಧ್ಯಾಹ್ನ ನಾನು ಔಷಧಿ ತಂದು ಮನೆಗೆ ಬಂದರೆ ಜಾಯ್ಸ್ ಇಲ್ಲ. ಎದುರು ಮನೆಯಲ್ಲಿ ಸುಹೈಲಾಳ ಮಂಚದ ಮೇಲೆ ಕಾಲು ನೀಡಿ ಕೂತು ಅವಳಿಗೆ ಕ್ರೋಶಾ ಹೆಣಿಗೆ ಕಲಿಸುತ್ತಿದ್ದಳು. ನಾನು ಕಳಿಸಿದ್ದಲ್ಲ. ಕೋಣೆ ತಂಪಾಗಿತ್ತು ಎಂಬುದನ್ನು ಅಲ್ಲಗಳೆಯಲಾರೆ. ನಾನೂ ಸ್ವಲ್ಪ ಹೊತ್ತು ಕೂತೆ. ಸೆಕೆ ಅಷ್ಟು ಇತ್ತು, ಅದಕ್ಕೆ.

ಏಪ್ರಿಲ್ 18, ಶುಭ ಶುಕ್ರವಾರ

ಜಾಯ್ಸ್ ಬಿದ್ದಳು.

ಗುರುವಾರ ಸಂಜೆ ಆಲ್ತಾರಿಗೆ ನೇರಳೆ ಬಟ್ಟೆ ಹೊದಿಸಿದೆ. ಪಾಸ್ಖಾ, ಅಂದರೆ ಈಸ್ಟರ್ ತನಕ ದೀಪ ಹಾಕುವ ಕ್ರಮ ಇಲ್ಲ, ಪಪ್ಪ ಇದ್ದಾಗಿನಿಂದಲೂ ನಮ್ಮಲ್ಲಿ ಹಾಗೆ. ಇವತ್ತು ಎದ್ದಾಗಲೇ ಗಾಜು ಕಪ್ಪಾಗಿತ್ತು. ಮಧ್ಯಾಹ್ನದವರೆಗೂ ಕಾಯುವ ಮರ್ಯಾದೆಯನ್ನೂ ಅದು ತೋರಿಸಲಿಲ್ಲ. ಸುಹೈಲಾಳಲ್ಲಿಗೆ ಹೋಗು ಎಂದೆ. ಹೌದು, ನಾನೇ ಹೇಳಿದೆ. ಶುಭ ಶುಕ್ರವಾರ ಮನೆಯಲ್ಲಿ ಮೌನವಾಗಿ ಕೂರಬೇಕು ಎಂದಳು. ನಾನು ಮೂರು ಗಂಟೆಯ ಪ್ರಾರ್ಥನೆಗೆ ಇಗರ್ಜಿಗೆ ಹೋದೆ.

ಬಂದಾಗ ನಮ್ಮ ಬಾಗಿಲು ತೆರೆದಿತ್ತು, ಎದುರಿನ ಬಾಗಿಲೂ ತೆರೆದಿತ್ತು. ಜಾಯ್ಸ್ ಸುಹೈಲಾಳ ಕೋಣೆಯಲ್ಲಿ, ಕುತ್ತಿಗೆಗೆ ಒದ್ದೆ ಟವಲು, ಬಲಗೈ ತಲೆದಿಂಬಿನ ಮೇಲೆ ಬಾತುಕೊಂಡು. ಅಡುಗೆಮನೆಗೆ ನೀರಿಗೆ ಹೋಗುವಾಗ ಕಾಲು ಕುಸಿದಿದೆ. ನೆಲದ ಮೇಲಿಂದಲೇ ಫೋನು ಮಾಡಿದ್ದಾಳೆ, ನನಗಲ್ಲ.

"ಇಗರ್ಜಿಯಲ್ಲಿ ನೀನು ಫೋನು ಆರಿಸಿಡುವವಳು," ಎಂದಳು.

"ಬಾಗಿಲು ತೆಗೆದದ್ದು ಯಾರು?"

ಸುಹೈಲಾ ನೆಲ ನೋಡಿದಳು. ಜಾಯ್ಸ್ ನೋಡಲಿಲ್ಲ. "ಕೀಲಿಕೈ ನಾನು ಕೊಟ್ಟದ್ದು. ಮಾರ್ಚ್‌ನಲ್ಲೇ."

"ನನ್ನನ್ನು ಕೇಳದೆ?"

"ಕೇಳಿದ್ದರೆ ಬೇಡ ಅನ್ನುತ್ತಿದ್ದಿ."

ಮಣಿಕಟ್ಟಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿದರು. ಕಾಲಿನ ಶಕ್ತಿ ಹಿಂದಿನಷ್ಟು ಬರುತ್ತದೋ ಇಲ್ಲವೋ ಕಾದು ನೋಡಬೇಕು ಎಂದರು ಡಾಕ್ಟರು. ಇನ್ನು ಊರುಗೋಲು ಹಿಡಿಯುವ ಕೈಯೂ ಇಲ್ಲ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಓಡಾಡಿದ್ದೆಲ್ಲ ಸುಹೈಲಾ. ಅವಳ ಧ್ವನಿ ಅಲ್ಲಿ ಬಹಳ ಉಪಯೋಗಕ್ಕೆ ಬಂತು.

ಏಪ್ರಿಲ್ 20, ಪಾಸ್ಖಾ ಭಾನುವಾರ

ಬೆಳಿಗ್ಗೆ ನೇರಳೆ ಬಟ್ಟೆ ತೆಗೆದು ಆಲ್ತಾರಿನ ಸ್ವಿಚ್ಚು ಹಾಕಿದೆ. ದೀಪ ಹತ್ತಿತು. ಅದರ ಮೇಲಿನ ಗಾಜೂ ಹತ್ತಿತು.

ಆರಿಸಿದೆ. ಎರಡೂ ಆರಿದವು.

ಮತ್ತೆ ಹಾಕಿದೆ.

ದಿನಾ ಸಂಜೆ ತೇರ್ಸ್ ಮುಗಿಸಿ ಆ ಸ್ವಿಚ್ಚು ಆರಿಸುತ್ತಿದ್ದವಳು ನಾನು.

ಏಪ್ರಿಲ್ 22, ಮಂಗಳವಾರ

ಈಗ ತಲೆ ಸ್ವಲ್ಪ ತಣ್ಣಗಾಗಿದೆ. ಬರೆಯಬಹುದು.

ಥರ್ಮೋಸ್ಟಾಟಿಗೆ ಹಗಲೂ ರಾತ್ರಿ ವಿದ್ಯುತ್ ಬೇಕು. ಅದಕ್ಕೆ ಮೈನ್ ಬೋರ್ಡಿನಿಂದ ಪ್ರತ್ಯೇಕ ತಂತಿ ಎಳೆಯಬೇಕಿತ್ತು. ಈ ಮಹಾನುಭಾವರು ಅದನ್ನು ಉಳಿಸಲು, ಕೆಳಗಿದ್ದ ದೇವರ ಗೂಡಿನ ದೀಪದ ಸ್ವಿಚ್ಚಿನಿಂದಲೇ ಕವಲು ತೆಗೆದಿದ್ದಾರೆ. ನಮ್ಮ ಮನೆಯಲ್ಲಿ ದೀಪ ಉರಿಯುವುದು ಸಂಜೆ ಮಾತ್ರ. ಆಗ ತುಂಬಿಕೊಂಡ ಬ್ಯಾಟರಿ ಮರುದಿನ ಮಧ್ಯಾಹ್ನದ ತನಕ ಎಳೆಯುತ್ತಿತ್ತು. ನೊವೇನಾದಲ್ಲಿ ದೀಪ ಆರಲಿಲ್ಲ, ಗಾಜೂ ಆರಲಿಲ್ಲ. ಗುರುವಾರ ಸಂಜೆ ದೀಪ ಹಾಕಲೇ ಇಲ್ಲ, ಶುಕ್ರವಾರ ಜಾಯ್ಸ್ ಬಿದ್ದಳು.

ಸಾಕ್ಷಿಗೆ ಸುಹೈಲಾಳ ಮನೆಗೆ ಹೋದೆ. ಅವಳ ಗೂಡಿನಲ್ಲಿ ಪಿಂಗಾಣಿ ಜಗ್ಗು. ಬಲ್ಬೇ ಇಲ್ಲ, ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ. "ಹಾಕು," ಎಂದೆ. ಹಾಕಿದಳು. ಸ್ವಲ್ಪ ಹೊತ್ತಿಗೆ ಗಾಜು ಕಣ್ಣು ಬಿಟ್ಟಿತು, ಮೇಲಿನ ಜಾಲರಿಯಿಂದ ತಂಪು ಗಾಳಿ ಬೀಸಿತು.

"ಯಾ ಅಲ್ಲಾಹ್! ಜಗ್ಗಿಗೆ ದೀಪ ಹಚ್ಚಿದ್ದರೆ ಆಗುತ್ತಿತ್ತಾ ಟೀಚರ್?"

ನಾನು ನಕ್ಕದ್ದು ಬಹುಶಃ ಎರಡು ತಿಂಗಳಲ್ಲಿ ಮೊದಲು.

ನಿತ್ಯಾನಂದರ ಗಣಪತಿಗೆ ಅಖಂಡ ದೀಪ. ಯೂಸ್ ಮಾಡುವ ಕ್ರಮ ಎಂದರೆ ಅದೇ! ಒಂದು ದಿನ ಆರಿಸಿಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ ಎಂದೆ. "ದೀಪ ಆರಿಸುವ ಮಾತು ನಮ್ಮ ಮನೆಯಲ್ಲಿ ಆಡಬೇಡಿ ಟೀಚರೇ" ಎಂದರು. ಅದು ಅವರ ಹಕ್ಕು, ಬಿಟ್ಟೆ. ಆದರೆ ಬರುವ ನಾಲ್ಕನೇ ತಾರೀಕಿನ ಮಹಾಸಭೆಗೆ ಕಂಪೆನಿಯವರನ್ನು ಕರೆಸುವುದಂತೂ ನಿಮ್ಮ ಕೆಲಸ ಎಂದೆ. ಕರೆಸುತ್ತಾರಂತೆ. ಸುಹೈಲಾ ಪಕ್ಕದಲ್ಲಿ ನಿಂತು ಅದನ್ನೇ ಇನ್ನೊಮ್ಮೆ ಅವಳ ಧ್ವನಿಯಲ್ಲಿ ಹೇಳಿದ ಮೇಲೆ.

ಏಪ್ರಿಲ್ 26, ಶನಿವಾರ

ಡೆನ್ಜಿಲ್ ಬಂದ. ಈ ಸಲ ಹಗಲಲ್ಲಿ. ಬ್ಯಾಟರಿ ಖಾಲಿಯಾಗಲೆಂದು ನಿನ್ನೆಯಿಂದಲೇ ಆರಿಸಿಟ್ಟಿದ್ದ ಸ್ವಿಚ್ಚನ್ನು ಹಾಕಿ, ಆರಿಸಿ, ಮತ್ತೆ ಹಾಕಿ ತೋರಿಸಿದೆ.

"ಹಾಗಾದರೆ ಸಾಲ್ವ್ ಆಯಿತಲ್ಲ ಆಂಟಿ! ಸ್ವಿಚ್ಚು ಆನ್ ಇಟ್ಟರೆ ಮುಗಿಯಿತು." ಕಿಸೆಯಿಂದ ಒಂದು ಸ್ಟಿಕ್ಕರ್ ತೆಗೆದ: 'ದಯವಿಟ್ಟು ಆರಿಸಬೇಡಿ'. ಅದನ್ನು ಆಲ್ತಾರಿನ ಪಕ್ಕ ಅಂಟಿಸಲು ಕೈ ಎತ್ತಿದ.

"ಡೆನ್ಜಿಲ್," ಎಂದಳು ಜಾಯ್ಸ್ ಗಾಲಿ ಕುರ್ಚಿಯಿಂದ. "ಅದನ್ನು ನಿನ್ನ ಬಾಯಿಗೆ ಅಂಟಿಸಿಕೋ ಮಗಾ."

ಅವನು ಸ್ಟಿಕ್ಕರನ್ನು ಕಿಸೆಗೆ ಹಾಕಿಕೊಂಡು ಹೋದ. ಸ್ಟಿಕ್ಕರು ಅಚ್ಚಾಗಿ ಬಂದಿದೆ ಎಂದರೆ ಒಂದು ಮನೆಗಾಗಿ ಮಾಡಿಸಿದ್ದಲ್ಲ. ಇವರಿಗೆ ಮೊದಲೇ ಗೊತ್ತಿತ್ತು.

ಸಂಜೆ ಎಲ್ಲ ನಿವಾಸಿಗಳಿಗೂ ಕಂಪೆನಿಯ ಸಂದೇಶ: "ಕೆಲವು ನಿವಾಸಿಗಳ ಧಾರ್ಮಿಕ ಆಚರಣೆಗಳಿಂದಾಗಿ ಸ್ಮಾರ್ಟ್ ಸಾಧನಗಳ ವಿದ್ಯುತ್ ಪೂರೈಕೆಗೆ ಅಡಚಣೆ ಉಂಟಾಗಿದೆ. ಸಹಕರಿಸಬೇಕಾಗಿ ವಿನಂತಿ."

ಮನೆಯಲ್ಲಿ ದೀಪ ಆರಿಸುವುದು ಈ ಊರಿನಲ್ಲಿ ಯಾವಾಗಿನಿಂದ ಅಡಚಣೆಯಾಯಿತು? ದೀಪಕ್ಕೆ ಸ್ವಿಚ್ಚು ಇರುವುದೇ ಆರಿಸುವುದಕ್ಕೆ. ಆರಿಸದವರದು ಒಂದು ಕ್ರಮ, ಆರಿಸುವವರದು ಇನ್ನೊಂದು, ಜಗ್ಗು ಇಟ್ಟವರದು ಮತ್ತೊಂದು. ಮೂವರನ್ನೂ ಕೇಳದೆ ಗೋಡೆಯೊಳಗೆ ತಂತಿ ಹೂತಿಟ್ಟು, ಈಗ ನಿಮ್ಮ ನಿಮ್ಮೊಳಗೆ ಬೆರಳು ತೋರಿಸಿಕೊಳ್ಳಿ ಎನ್ನುತ್ತಾರೆ. ಇದಕ್ಕಿಂತ ಕೀಳಾದ ವಾಕ್ಯವನ್ನು ನಾನು ನನ್ನ ಬದುಕಿನಲ್ಲಿ ಓದಿಲ್ಲ. ಕೀಳಾದದ್ದನ್ನು ಕಡಿಮೆ ಓದಿದವಳಲ್ಲ.

ಸಭೆಯಲ್ಲಿ ಮಾತಾಡಲು ನಾನು ತಯಾರಿ ಮಾಡಿಕೊಳ್ಳುತ್ತಿದ್ದೆ. ಜಾಯ್ಸ್ ತಾನು ಮಾತಾಡುತ್ತೇನೆ ಎಂದಳು.

"ನಿನಗೆ ಆಗುವುದಿಲ್ಲ. ಸಭೆ ಇರುವುದು ಕೆಳಗಿನ ಪಾರ್ಕಿಂಗಿನಲ್ಲಿ, ಅಲ್ಲಿ ಸೆಕೆ."

"ಬಿದ್ದದ್ದು ನೀನಾ, ನಾನಾ?"

ಬರೆದಿಟ್ಟ ಹಾಳೆಗಳನ್ನು ಮಡಚಿಟ್ಟೆ.

ಮೇ 3, ಶನಿವಾರ

ನಾಳೆ ಸಭೆ. ಕಂಪೆನಿಯ ನಿರ್ದೇಶಕರೊಬ್ಬರು ಬರುತ್ತಾರಂತೆ. ಉತ್ತರವನ್ನು ಆಮೇಲೆ ಇಮೇಲ್‌ನಲ್ಲಿ ಕೊಡುತ್ತಾರಂತೆ. ಇಮೇಲ್ ಎಂಬುದು ಹೇಡಿಗಳ ಪರದೆ.

ನಮ್ಮ ಕಟ್ಟಡದಲ್ಲಿ ಬಾಗಿಲು ಬಡಿದು ಕೇಳಿದೆವು, ಸುಹೈಲಾ ಮತ್ತು ನಾನು. ಕೆಲವರು ಪೂಜೆಯಾದ ಮೇಲೆ ದೀಪ ಆರಿಸುವವರು, ಕೆಲವರು ಗೂಡಿನಲ್ಲಿ ಟ್ರೋಫಿ ಇಟ್ಟವರು, ಒಬ್ಬರು ಬೂಟು ಇಟ್ಟವರು. ಎಲ್ಲರೂ ಇದು ತಮ್ಮ ಮನೆಯ ದೋಷವೆಂದು, ತಾವೇ ಏನೋ ತಪ್ಪು ಒತ್ತಿದ್ದೇವೆಂದು ನಂಬಿ ಸುಮ್ಮನಿದ್ದರು. ಎಂಥ ಪೆದ್ದು ಜನ ನಾವು.

ಜಾಯ್ಸ್ ಇನ್ನೂ ನಿಂತು ನಡೆದಿಲ್ಲ. ನಾಳೆ ಗಾಲಿ ಕುರ್ಚಿಯನ್ನು ಸುಹೈಲಾ ತಳ್ಳುತ್ತಾಳೆ, ಮಂಜುಗಡ್ಡೆ ಸುತ್ತಿದ ಟವಲು ನಾನು ಹಿಡಿಯುತ್ತೇನೆ. ಅವಳ ಬಲಗೈ ಪ್ಲಾಸ್ಟರಿನಲ್ಲಿರುವುದರಿಂದ ಪ್ರಶ್ನೆಯನ್ನು ಅವಳು ಹೇಳಿದ ಹಾಗೆ ನಾನು ಬರೆದುಕೊಡಬೇಕು. ನಾನು ಬರೆದಿದ್ದ ನಾಲ್ಕು ಪುಟದ ಭಾಷಣ ಹಾಗೇ ಉಳಿಯಿತು. ಅದರಲ್ಲಿ ಒಳ್ಳೊಳ್ಳೆಯ ವಾಕ್ಯಗಳಿದ್ದವು. ಇರಲಿ. ಇದು ಅವಳದು:

"ನಾನು ಜಾಯ್ಸ್. ಶುಭ ಶುಕ್ರವಾರದ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಬಿದ್ದವಳು. ನೀವು ಕಟ್ಟಿದ್ದರಿಂದ ನಿಮ್ಮ ಮನೆ ಅಂದೆ. ದೀಪದ ಸ್ವಿಚ್ಚಿನಿಂದ ತಂತಿ ಎಳೆಯಲು ಹೇಳಿದ್ದು ಯಾರು? ಅದು ನಿಮಗೆ ಗೊತ್ತಾದದ್ದು ನಾನು ಬೀಳುವ ಮೊದಲೋ, ಆಮೇಲೋ? ನನ್ನ ಕೈ ಮುರಿದದ್ದು ನಮ್ಮ ಆಚರಣೆಯಿಂದಲೋ, ನಿಮ್ಮ ತಂತಿಯಿಂದಲೋ? ನನಗೆ ಇಮೇಲ್ ಬೇಡ. ಮೈಕು ಇಲ್ಲಿಯೇ ಉಂಟು. ಇಷ್ಟೂ ಜನರ ಎದುರು, ಈಗ, ಹೇಳಿ."